ಟ್ಯಾಂಕ್ ತುಂಬಿದಾಗ ತಾನೇ ನಿಲ್ಲುವ ಮೋಟರ್: ಅಜೈಲ್ ಪ್ಲಾನ್ ಹಾಕುವುದು ಹೇಗೆ?

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವುದು ದಿನದ ಕೆಲಸ. ಮೋಟರ್ ಹಾಕಿ ಮರೆತರೆ ತಾರಸಿಯಿಂದ ನೀರು ಸುರಿಯುತ್ತದೆ. ಸಂಪು ಖಾಲಿಯಾದ ಮೇಲೂ ಓಡುತ್ತಿದ್ದರೆ ಮೋಟರೇ ಸುಟ್ಟು ಹೋಗಬಹುದು. ನೀರಿನ ಮಟ್ಟ ನೋಡಿಕೊಂಡು ಮೋಟರ್ ಆನ್-ಆಫ್ ಮಾಡುವ, ಮೊಬೈಲಿಗೂ ತಿಳಿಸುವ ಸಾಧನ ಮಾಡಲು ಹೊರಟಿದ್ದೀರಿ ಅಂದುಕೊಳ್ಳಿ. ಇಂಥವು ಅಂಗಡಿಯಲ್ಲಿ ಈಗಾಗಲೇ ಸಿಗುತ್ತವೆ, ನಿಜ. ಆದರೂ ಪ್ಲಾನ್ ಹಾಕುವುದನ್ನು ಕಲಿಯಲು ಒಳ್ಳೆಯ ಉದಾಹರಣೆ.

ಅಜೈಲ್ ಅಂದರೆ ಎಲ್ಲವನ್ನೂ ಮೊದಲೇ ನಿಗದಿ ಮಾಡದೆ, ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಮಾಡಿ, ತೋರಿಸಿ, ತಿದ್ದಿಕೊಳ್ಳುತ್ತಾ ಹೋಗುವ ರೀತಿ. ಅದು ಸಾಫ್ಟ್‌ವೇರಿನವರ ವಿಷಯ ಎಂಬ ನಂಬಿಕೆ ಇದೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಸ್ನೋಬರ್ಡ್‌ನಲ್ಲಿ ಸೇರಿ ಅದರ ಪ್ರಣಾಳಿಕೆ ಬರೆದ 17 ಮಂದಿ ಸಾಫ್ಟ್‌ವೇರಿನವರೇ. ಆದರೆ ಅಜೈಲ್‌ನಲ್ಲಿ ತುಂಬಾ ಬಳಕೆಯಲ್ಲಿರುವ ಸ್ಕ್ರಮ್ ಪದ್ಧತಿಯ ಬೇರು 1986ರಲ್ಲಿ ಜಪಾನಿನ ಪ್ರಾಧ್ಯಾಪಕರಾದ ಟಕೆಯುಚಿ ಮತ್ತು ನೊನಾಕಾ ಬರೆದ ಲೇಖನದಲ್ಲಿದೆ. ಅವರು ನೋಡಿದ್ದು ಕ್ಯಾಮೆರಾ, ಕಾರು, ಜೆರಾಕ್ಸ್ ಯಂತ್ರ ಮಾಡಿದ ತಂಡಗಳನ್ನು. ಹಾಗಾಗಿ ನಮ್ಮ ಸಾಧನಕ್ಕೂ ಇದು ಹೊಂದುತ್ತದೆ.

ಮೊದಲು ಮನೆಗಳಿಗೆ ಹೋಗಿ

ಓನರ್ ಒಬ್ಬರನ್ನೇ ಕೇಳಬೇಡಿ. ಮೋಟರ್ ಹಾಕುವವರು ಯಾರು? ಬಾಡಿಗೆಯವರೋ, ವಾಚ್‌ಮನ್ನೋ, ಮನೆಯ ಅಜ್ಜಿಯೋ? ಕೇಳಿದ್ದನ್ನು ಯಾರಿಗೆ, ಏನು, ಯಾಕೆ ಎಂಬ ಚಿಕ್ಕ ವಾಕ್ಯಗಳಾಗಿ ಬರೆಯಿರಿ. ‘ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿ, ವೈಫೈ ಹೋದಾಗಲೂ, ಸ್ವಿಚ್ ಒತ್ತಿ ನೀರು ಏರಿಸುವಂತಿರಬೇಕು.’ ಇಂಥ ವಾಕ್ಯಗಳ ಪಟ್ಟಿಯೇ ಬ್ಯಾಕ್‌ಲಾಗ್. ಅದನ್ನು ಒಬ್ಬರ ಕೈಗೆ ಕೊಡಿ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಕೊನೆಗೆ ಹೇಳುವವರು ಅವರೇ.

ಭಯ ಹುಟ್ಟಿಸುವ ಕೆಲಸ ಮೇಲಿರಲಿ

ಆ್ಯಪ್‌ನ ಬಣ್ಣ, ಲೋಗೊ ಮಾಡುವುದು ಸುಲಭ, ತೋರಿಸಲೂ ಚೆಂದ. ತಂಡಗಳು ಅಲ್ಲಿಂದಲೇ ಶುರು ಮಾಡುತ್ತವೆ. ನನ್ನ ಪ್ರಕಾರ ಅದು ಕೊನೆಯ ಕೆಲಸ. ನಾಲ್ಕನೇ ಮಹಡಿಯ ಟ್ಯಾಂಕಿನಿಂದ ನೆಲಮಹಡಿಯ ಸ್ಟಾರ್ಟರ್‌ವರೆಗೆ ಸಿಗ್ನಲ್ ಬರುತ್ತದೆಯೇ? ನಡುವೆ ಕಬ್ಬಿಣ ತುಂಬಿದ ಆರ್‌ಸಿಸಿ ಸ್ಲ್ಯಾಬ್‌ಗಳಿವೆ. ವೈಫೈ ಬರದಿದ್ದರೆ ವೈರ್ ಎಳೆಯಬೇಕು. ಇಲ್ಲವೇ ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865-868 ಮೆಗಾಹರ್ಟ್ಸ್ ರೇಡಿಯೊಗೆ ಹೋಗಬೇಕು. ಆಗ ಬೋರ್ಡ್, ಬೆಲೆ, ಪೆಟ್ಟಿಗೆ ಎಲ್ಲವೂ ಬದಲಾಗುತ್ತವೆ. ಈ ಪ್ರಶ್ನೆಗೆ ಉತ್ತರ ಸಿಗದೆ ಆ್ಯಪ್ ಮಾಡಿ ಏನು ಪ್ರಯೋಜನ?

ಎರಡನೇ ಭಯ ಸೆನ್ಸರ್. ಶಬ್ದದ ಅಲೆ ಬಿಟ್ಟು ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ನೀರನ್ನು ಮುಟ್ಟುವುದಿಲ್ಲ, ಅದು ಒಳ್ಳೆಯದೇ. ಆದರೆ ನೀರು ತೀರಾ ಹತ್ತಿರ ಬಂದರೆ ಸರಿಯಾಗಿ ಅಳೆಯದು. ಟ್ಯಾಂಕ್ ಇನ್ನೇನು ತುಂಬುತ್ತದೆ ಅನ್ನುವಾಗಲೇ ತಪ್ಪು ಲೆಕ್ಕ ಬಂದರೆ ಹೇಗೆ? ಮುಚ್ಚಳದ ಒಳಗೆ ಕಟ್ಟುವ ನೀರಿನ ಹನಿಗಳ ಕಾಟ ಬೇರೆ.

ಎರಡೆರಡು ವಾರಕ್ಕೆ ಒಂದು ಉತ್ತರ

ಸ್ಕ್ರಮ್‌ನಲ್ಲಿ ಕೆಲಸದ ಒಂದು ಸುತ್ತಿಗೆ ಸ್ಪ್ರಿಂಟ್ ಎನ್ನುತ್ತಾರೆ. ಅದು ತಿಂಗಳಿಗಿಂತ ಜಾಸ್ತಿ ಇರಬಾರದು. ಎರಡು ವಾರ ಸಾಕು. ಮೊದಲ ಸ್ಪ್ರಿಂಟಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಿಂದ ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಚಿಕ್ಕ ಕಂಟ್ರೋಲರ್), ಸೆನ್ಸರ್ ತಂದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ ಒಂದು ಮನೆಯ ತಾರಸಿ ಮೇಲೆ ಇಡಿ. ಕೆಳಗೆ ಬರೀ ನೀರಿನ ಮಟ್ಟದ ಅಂಕಿ ಬಂದರೆ ಸಾಕು. ಸ್ಪ್ರಿಂಟ್ ಮುಗಿದಾಗ ಆ ಮನೆಯವರಿಗೇ ತೋರಿಸಿ, ಸ್ಲೈಡ್ ಬೇಡ.

230 ವೋಲ್ಟ್‌ನ ಮೋಟರ್ ಜೋಡಿಸುವ ಸ್ಪ್ರಿಂಟಿನಲ್ಲಿ ಅನುಭವಿ ಎಲೆಕ್ಟ್ರಿಷಿಯನ್ ಜೊತೆಗಿರಲೇಬೇಕು. ‘ಕೆಲಸ ಮುಗಿಯಿತು’ ಅನ್ನಲು ಏನೇನು ಆಗಿರಬೇಕು ಎಂದು ಮೊದಲೇ ಬರೆದಿಡಿ. ಸೆನ್ಸರ್ ಮೌನವಾದರೆ ಮೋಟರ್ ನಿಲ್ಲಬೇಕು. ಸಿಗ್ನಲ್ ತಪ್ಪಿದರೂ ನಿಲ್ಲಬೇಕು. ಕರೆಂಟ್ ಹೋಗಿ ಬಂದಾಗ ಮಟ್ಟ ನೋಡದೆ ತಾನಾಗಿ ಶುರುವಾಗಬಾರದು. ‘ಆಮೇಲೆ ಅಪ್‌ಡೇಟ್ ಕಳಿಸೋಣ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಪ್ರತಿದಿನ 15 ನಿಮಿಷ ಮಾತಾಡಿ. ಸ್ಪ್ರಿಂಟ್ ಮುಗಿದಾಗ, ನಾವು ಕೆಲಸ ಮಾಡುವ ರೀತಿಯಲ್ಲಿ ಏನು ಬದಲಿಸಬೇಕು ಎಂದು ಕೇಳಿಕೊಳ್ಳಿ. ಇಷ್ಟು ಸಾಕು, ಗೋಡೆಯ ಬೋರ್ಡ್ ತುಂಬಾ ಬಣ್ಣದ ಚೀಟಿ ಅಂಟಿಸಿದರೆ ಸಾಧನ ಬೇಗ ಆಗುವುದಿಲ್ಲ.

ತಿರುಗಿ ಬರಲಾಗದ ದಾರಿಗಳು

ಅಜೈಲ್‌ನಲ್ಲಿ ಡೇಟ್ ಇರುವುದಿಲ್ಲ ಎನ್ನುವವರಿದ್ದಾರೆ. ಆ್ಯಪ್ ಆದರೆ ಹೇಗೋ ನಡೆಯುತ್ತದೆ. ಪೆಟ್ಟಿಗೆಗೆ ಸ್ಟೀಲ್ ಮೌಲ್ಡ್ ಕಡೆಸಿದ ಮೇಲೆ ತೂತಿನ ಜಾಗ ಬದಲಿಸುವುದು ದುಬಾರಿ. ಅದಕ್ಕೇ ಆಕಾರ ನಿಲ್ಲುವವರೆಗೆ 3ಡಿ ಪ್ರಿಂಟ್‌ನಲ್ಲೇ ಮಾಡಿ. ಬಿಡಿಭಾಗ ಕೂರಿಸುವ ಸರ್ಕ್ಯೂಟ್ ಬೋರ್ಡನ್ನೂ (ಪಿಸಿಬಿ) ಸುಮ್ನೆ ಸಾವಿರಗಟ್ಟಲೆ ಮಾಡಿಸಬೇಡಿ, ಐದೋ ಹತ್ತೋ ಸಾಕು. ವೈಫೈ ಇರುವ ಸಾಧನ ಮಾರಲು ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ತರಂಗ ನೋಡಿಕೊಳ್ಳುವ ಡಬ್ಲ್ಯೂಪಿಸಿ ವಿಭಾಗದ ಇಟಿಎ (ಸಲಕರಣೆಯ ಮಾದರಿಗೆ ಕೊಡುವ) ಒಪ್ಪಿಗೆ ನೋಡಿಕೊಳ್ಳಬೇಕು, ಜೊತೆಗೆ ಕೊಡುವ ಅಡಾಪ್ಟರಿಗೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿ ಇರಬೇಕು. ಮೌಲ್ಡ್, ಒಪ್ಪಿಗೆ, ಬಿಡಿಭಾಗದ ಆರ್ಡರ್ ಈ ಮೂರನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಮಾರಾಟದ ದಿನದಿಂದ ಹಿಂದಕ್ಕೆ ಎಣಿಸಿ ಗುರುತು ಹಾಕಿ. ಸ್ಪ್ರಿಂಟ್‌ಗಳು ಅವುಗಳ ನಡುವೆ ಕೂರಬೇಕು.

ಕೊನೆಗೆ ಸಣ್ಣ ಬ್ಯಾಚ್

ಕೆಲವೇ ಮನೆಗಳಲ್ಲಿ ಹಾಕಿಸಿ, ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲು ಬಿಡಿ. ಹಾಕುವ ಕೆಲಸ ಮಾತ್ರ ನಿಮ್ಮ ಎಂಜಿನಿಯರುಗಳಿಂದ ಮಾಡಿಸಬೇಡಿ. ಆ ಏರಿಯಾದ ಎಲೆಕ್ಟ್ರಿಷಿಯನ್ ಒಬ್ಬರಿಗೆ ಪೆಟ್ಟಿಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ನಿಂತಿರಿ. ‘ಇದೆಲ್ಲಿಗೆ ಹಾಕೋದು ಸಾರ್?’ ಎಂದು ಅವರು ಯಾವ ವೈರ್ ಹಿಡಿದು ಕೇಳುತ್ತಾರೋ, ಅದು ಮುಂದಿನ ಸ್ಪ್ರಿಂಟಿನ ಮೊದಲ ಕೆಲಸ.