ಹಲವು ಲೆಪರ್ಡ್ ಗೆಕ್ಕೊ, ಚಿಕ್ಕ ಜಾಗ: ಎತ್ತಿ ಸಾಗಿಸಬಹುದಾದ ಮನೆ ಆರಿಸುವುದು ಹೇಗೆ

ಲೆಪರ್ಡ್ ಗೆಕ್ಕೊ ಅಂದರೆ ಮನೆಯಲ್ಲಿ ಸಾಕುವ, ಮೈಮೇಲೆ ಚುಕ್ಕೆಗಳಿರುವ ಒಂದು ಬಗೆಯ ಹಲ್ಲಿ. ಅದನ್ನು ಸಾಕುವವರಲ್ಲಿ ಒಂದಕ್ಕೇ ನಿಲ್ಲಿಸುವವರು ಕಡಿಮೆ. ಎರಡನೆಯದು ಬರುತ್ತದೆ, ಅದರ ಹಿಂದೆಯೇ ಮೂರನೆಯದು, ಆಮೇಲೆ ಇವನ್ನೆಲ್ಲ ಎಲ್ಲಿಡುವುದು ಅನ್ನುವ ತಲೆನೋವು ಶುರು. ಇರುವುದು ಬಾಡಿಗೆ ಮನೆ, ಆಗಾಗ ಗಂಟುಮೂಟೆ ಕಟ್ಟಬೇಕು ಅಂದರೆ ಇನ್ನೂ ಕಷ್ಟ. ಆಗ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಒಂದೇ ಉಪಾಯ: ದೊಡ್ಡದೊಂದು ಗಾಜಿನ ತೊಟ್ಟಿ ತಂದು ಎಲ್ಲವನ್ನೂ ಅದರೊಳಗೆ ಬಿಟ್ಟುಬಿಡುವುದು.

ದಯವಿಟ್ಟು ಹಾಗೆ ಮಾಡಬೇಡಿ. ಎರಡು ಗಂಡು ಒಟ್ಟಿಗಿದ್ದರೆ ಕಚ್ಚಾಟ ಖಂಡಿತ. ಗಂಡು ಹೆಣ್ಣು ಒಟ್ಟಿಗಿದ್ದರೆ ಗಂಡು ಅದನ್ನು ಬಿಡದೆ ಕಾಡುತ್ತದೆ, ಹೆಣ್ಣು ಮೊಟ್ಟೆ ಇಟ್ಟು ಇಟ್ಟು ಸೊರಗುತ್ತದೆ. ಎರಡು ಹೆಣ್ಣು ಅಂದರೆ ತೊಂದರೆ ಇಲ್ಲ ಅನ್ನುವವರಿದ್ದಾರೆ, ಆದರೆ ಅಲ್ಲಿ ನಡೆಯುವುದು ಸದ್ದಿಲ್ಲದ ದಬ್ಬಾಳಿಕೆ. ಒಂದು ಅಡಗಿಕೊಳ್ಳಲು ಇಟ್ಟ ಬೆಚ್ಚಗಿನ ಗೂಡನ್ನು ಹಿಡಿದು ಕೂರುತ್ತದೆ, ಇನ್ನೊಂದು ತಣ್ಣಗಿನ ಮೂಲೆಯಲ್ಲಿ ಕಡಿಮೆ ತಿನ್ನುತ್ತಾ ಬಡವಾಗುತ್ತಾ ಹೋಗುತ್ತದೆ, ನಮಗೆ ಮಾತ್ರ ಅವು ಒಂದರ ಮೇಲೊಂದು ಮಲಗಿದ್ದು ಮುದ್ದಾಗಿ ಕಾಣುತ್ತದೆ. ಇವು ಒಂಟಿ ಜೀವಿಗಳು. ಜೊತೆ ಬೇಕು ಅಂತ ಹಂಬಲಿಸುವುದಿಲ್ಲ. ಎಷ್ಟು ಗೆಕ್ಕೊ ಇವೆಯೋ ಅಷ್ಟು ಮನೆ, ಅಷ್ಟೇ ಲೆಕ್ಕ.

ಹಾಗಾದರೆ ಜಾಗ ಉಳಿಸುವುದು ಎಲ್ಲಿ? ಎತ್ತರದಲ್ಲಿ. ಲೆಪರ್ಡ್ ಗೆಕ್ಕೊ ಕಲ್ಲುನೆಲದ ಒಣ ಪ್ರದೇಶದ ಪ್ರಾಣಿ. ಗೋಡೆ ಹಲ್ಲಿಗೆ ಇರುವಂಥ ಅಂಟುವ ಪಾದ ಇದಕ್ಕಿಲ್ಲ, ನುಣುಪಾದ ಗೋಡೆ ಹತ್ತಲು ಬರುವುದಿಲ್ಲ. ತಗ್ಗು ಕಲ್ಲು ಕೊಟ್ಟರೆ ಹತ್ತುತ್ತದೆ ನಿಜ, ಆದರೆ ಎರಡಡಿ ಎತ್ತರದ ಪೆಟ್ಟಿಗೆಯ ಮೇಲಿನ ಅರ್ಧ ಸುಮ್ನೆ ಖಾಲಿ ಬಿದ್ದಿರುತ್ತದೆ. ಅದಕ್ಕೆ ಬೇಕಾದ್ದು ಓಡಾಡಲು ನೆಲ. ಹಾಗಾಗಿ ಪೆಟ್ಟಿಗೆ ನೋಡುವಾಗ ಎಷ್ಟು ಲೀಟರ್, ಎಷ್ಟು ಗ್ಯಾಲನ್ ಅನ್ನುವುದನ್ನು ಮರೆತು ತಳದ ಅಳತೆ ಮಾತ್ರ ನೋಡಿ.

ಒಂದು ಉದಾಹರಣೆ. ದೊಡ್ಡ ಗೆಕ್ಕೊ ಒಂದಕ್ಕೆ ಇಷ್ಟಾದರೂ ಇರಲಿ ಅಂತ ಬಹಳ ಕಾಲ ಹೇಳುತ್ತಿದ್ದದ್ದು 20 ಗ್ಯಾಲನ್‌ನ ಉದ್ದ ತೊಟ್ಟಿ. ಅದರ ತಳ ಸುಮಾರು 76×30 ಸೆಂ.ಮೀ., ಅಂದರೆ 2,280 ಚದರ ಸೆಂ.ಮೀ. ಈಗ ತಳವೇ 60×40 ಸೆಂ.ಮೀ. ಇರುವ ತಗ್ಗು ಪ್ಲಾಸ್ಟಿಕ್ ಟಬ್ ಒಂದನ್ನು ತೆಗೆದುಕೊಳ್ಳಿ. 2,400 ಬಂತು. ಗಾಜಿನ ತೊಟ್ಟಿ ಖಾಲಿ ಇದ್ದಾಗಲೇ ಹನ್ನೊಂದು ಕೆ.ಜಿ. ಹತ್ತಿರ ತೂಗುತ್ತದೆ, ಟಬ್ಬನ್ನು ಒಂದು ಕೈಯಲ್ಲಿ ಎತ್ತಬಹುದು. ಒಂದು ಎಚ್ಚರಿಕೆ ಇದೆ. ಟಬ್‌ಗಳು ಮೇಲೆ ಅಗಲ, ಕೆಳಗೆ ಕಿರಿದು. ಚೀಟಿಯ ಮೇಲೆ ಬರೆದಿರುವುದು ಬಾಯಿಯ ಅಳತೆ. ಟೇಪ್ ತೆಗೆದುಕೊಂಡು ಹೋಗಿ, ಒಳಗಡೆ ತಳವನ್ನೇ ಅಳೆಯಿರಿ. ಇದು ಕನಿಷ್ಠದ ಮಾತು ಅನ್ನುವುದೂ ನೆನಪಿರಲಿ. ಈಗ ಹಲವರು 90×45 ಸೆಂ.ಮೀ. ತಳ ಕೊಡುತ್ತಿದ್ದಾರೆ, ಜಾಗ ಇದ್ದರೆ ಅದೇ ಒಳ್ಳೆಯದು. ಅದಕ್ಕೆ ಗಾಜು ಮಾತ್ರ ಬೇಡ, ಆ ಅಳತೆಯ ಗಾಜಿನ ತೊಟ್ಟಿ ಎತ್ತಲು ಇಬ್ಬರು ಬೇಕು.

ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಗಾಜು ನೋಡಲು ಚಂದ, ಆದರೆ ಭಾರ, ಒಡೆಯುತ್ತದೆ, ಮೇಲಿನಿಂದ ತೆರೆಯುವಂಥದ್ದಾದರೆ ಒಂದರ ಮೇಲೊಂದು ಇಡಲೂ ಆಗುವುದಿಲ್ಲ. ಪದೇ ಪದೇ ಮನೆ ಬದಲಿಸುವವರಿಗೆ ಇದು ಬೇಡ. ಎರಡನೆಯದು ಪಿವಿಸಿ ಹಲಗೆಯ ಪೆಟ್ಟಿಗೆ. ಹಗುರ, ಬಿಸಿ ಹಿಡಿದಿಡುತ್ತದೆ, ಮುಂದಿನಿಂದ ತೆರೆಯುತ್ತದೆ, ಪೇರಿಸಿ ಇಡಬಹುದು, ಕೆಲವನ್ನು ಬಿಚ್ಚಿ ಚಪ್ಪಟೆಯಾಗಿ ಕಟ್ಟಲೂಬಹುದು. ಖರ್ಚು ಜಾಸ್ತಿ. ಮುಂದಿನಿಂದ ತೆರೆಯುವುದಕ್ಕೆ ಇನ್ನೊಂದು ಲಾಭವಿದೆ: ಮೇಲಿನಿಂದ ಇಳಿಯುವ ಕೈ ಗೆಕ್ಕೊಗೆ ಹದ್ದಿನ ಹಾಗೆ, ಎದುರಿನಿಂದ ಬರುವ ಕೈಗೆ ಅಷ್ಟು ಹೆದರುವುದಿಲ್ಲ. ಮೂರನೆಯದು ಟಬ್ ಮತ್ತು ರ್‍ಯಾಕ್. ತುಂಬಾ ಗೆಕ್ಕೊ ಇರುವವರು, ಮರಿ ಮಾಡಿಸುವವರು ಹೆಚ್ಚಾಗಿ ಬಳಸುವುದು ಇದನ್ನೇ. ಹಗುರ, ಅಗ್ಗ, ಸಿಂಕಿನಲ್ಲಿಟ್ಟು ತೊಳೆಯಬಹುದು. ನೋಡಲು ಅಂದವಿಲ್ಲ, ಮೈಯಲ್ಲಿ ವಿಟಮಿನ್ ಡಿ3 ತಯಾರಾಗಲು ಬೇಕಾದ ಬೆಳಕು ಕೊಡುವ ಯುವಿಬಿ ದೀಪ ಕೂರಿಸುವುದು ಕಷ್ಟ, ಆದ್ದರಿಂದ ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿಯನ್ನು ಹುಳುಗಳಿಗೆ ಸವರಿ ಕೊಡುವುದನ್ನು ತಪ್ಪಿಸುವ ಹಾಗಿಲ್ಲ. ಹಿಡಿಕೆ ಇರುವ ಪುಟ್ಟ ಪ್ಲಾಸ್ಟಿಕ್ ಪಂಜರಗಳೂ ಸಿಗುತ್ತವೆ. ಅವು ಸಾಗಿಸಲು ಸರಿ, ವಾಸಕ್ಕಲ್ಲ.

ನನ್ನ ಆಯ್ಕೆ ಕೇಳಿದರೆ, ಎರಡು ಮೂರು ಗೆಕ್ಕೊ ಇದ್ದು ಕೈಯಲ್ಲಿ ದುಡ್ಡಿದ್ದರೆ ಪಿವಿಸಿ, ಅದಕ್ಕಿಂತ ಹೆಚ್ಚಿದ್ದರೆ ಟಬ್. ಯಾವುದನ್ನೇ ತಂದರೂ ಎಲ್ಲವೂ ಒಂದೇ ಅಳತೆಯವು, ಒಂದೇ ಮಾದರಿಯವು ಇರಲಿ. ಬೇರೆ ಬೇರೆ ಅಳತೆಯ ಡಬ್ಬಗಳನ್ನು ಸೇರಿಸುತ್ತಾ ಹೋದರೆ ಪೇರಿಸಲು ಆಗುವುದಿಲ್ಲ, ಮುಚ್ಚಳ ಅದಲು ಬದಲು ಆಗುವುದಿಲ್ಲ, ಪ್ರತಿಯೊಂದರ ಬಿಸಿಯೂ ಬೇರೆ ಬೇರೆ. ಜೊತೆಗೆ ಅದೇ ಮಾದರಿಯದ್ದು ಒಂದು ಹೆಚ್ಚಿಗೆ ತಂದಿಡಿ. ತೊಳೆಯುವ ದಿನ ಗೆಕ್ಕೊವನ್ನು ಅದಕ್ಕೆ ದಾಟಿಸಿದರೆ ಮುಗಿಯಿತು.

ಈಗ ಬಿಸಿಯ ವಿಷಯ. ಜನ ಎಡವುವುದು ಇಲ್ಲೇ. ಬೆಚ್ಚಗಿನ ಗೂಡಿನ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು, ತಣ್ಣಗಿನ ಬದಿ 22ರಿಂದ 25. ಟಬ್ಬಿನಲ್ಲಾದರೆ ಕರೆಂಟಿನಲ್ಲಿ ಬಿಸಿಯಾಗುವ ತೆಳು ಹಾಳೆ, ಅಂದರೆ ಹೀಟ್ ಮ್ಯಾಟ್ ಅಥವಾ ಹೀಟ್ ಟೇಪ್ ಸಾಕು, ತಳದ ಮೂರನೆಯ ಒಂದು ಭಾಗಕ್ಕೆ ಮಾತ್ರ, ಒಂದು ತುದಿಯಲ್ಲಿ. ಮ್ಯಾಟನ್ನು ಟಬ್ಬಿಗೆ ಅಂಟಿಸಬೇಡಿ. ರ್‍ಯಾಕಿನ ಹಲಗೆಗೆ ಅಂಟಿಸಿ, ಟಬ್ ಅದರ ಮೇಲೆ ಕೂರಲಿ. ಹೀಗೆ ಮಾಡಿದರೆ ವೈರು ಪ್ಲಗ್ಗು ಯಾವುದನ್ನೂ ಮುಟ್ಟದೆ ಟಬ್ ಎತ್ತಿಕೊಂಡು ಹೋಗಬಹುದು.

ಬಿಸಿ ಮಿತಿ ಮೀರದಂತೆ ಕಾಯುವ ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟ್ ಹಾಕುವುದೇ ಬೇಡ, ಹೊಟ್ಟೆ ಸುಟ್ಟ ಗೆಕ್ಕೊಗಳು ಬರುವುದು ಅಂಥ ಮನೆಗಳಿಂದಲೇ. ಟಬ್‌ಗಳೆಲ್ಲ ಒಂದೇ ಥರ ಇದ್ದರೆ ಒಂದೇ ಥರ್ಮೋಸ್ಟಾಟಿನಲ್ಲಿ ಹಲವನ್ನು ನಡೆಸಬಹುದು, ಎಲ್ಲ ಮ್ಯಾಟ್‌ಗಳ ಒಟ್ಟು ವ್ಯಾಟ್ ಅದರ ಮಿತಿಯೊಳಗಿದೆಯೇ ಅಂತ ನೋಡಿಕೊಂಡು. ಆದರೆ ಅದರ ಪ್ರೋಬ್, ಅಂದರೆ ಬಿಸಿ ಅಳೆಯುವ ತುದಿ, ಎಲ್ಲಿರುತ್ತದೆ ಅನ್ನುವುದು ತುಂಬಾ ಮುಖ್ಯ. ಪ್ರೋಬನ್ನು ಒಂದು ಟಬ್ಬಿನೊಳಗೆ ಇಟ್ಟಿದ್ದೀರಿ, ಆ ಟಬ್ಬನ್ನು ತೊಳೆಯಲು ಹೊರಗೆ ತೆಗೆದಿರಿ ಅಂದುಕೊಳ್ಳಿ. ಪ್ರೋಬ್‌ಗೆ ತಣ್ಣಗಿನ ಗಾಳಿ ಸಿಕ್ಕಿತು, ಬಿಸಿ ಸಾಲದು ಅಂತ ಅದು ಲೆಕ್ಕ ಹಾಕಿತು, ಉಳಿದ ಟಬ್‌ಗಳ ಮ್ಯಾಟ್‌ಗಳೆಲ್ಲ ಪೂರ್ತಿ ಉರಿಯತೊಡಗಿದವು. ನೀವು ಸಿಂಕಿನ ಹತ್ತಿರ ಇದ್ದೀರಿ, ನಿಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಪ್ರೋಬ್ ಮ್ಯಾಟಿನ ಮೇಲೆ, ರ್‍ಯಾಕಿಗೇ ಭದ್ರವಾಗಿ ಅಂಟಿರಲಿ. ಟಬ್ಬಿನ ತಳ ದಾಟಿ ಒಳಗೆ ಬರುವಷ್ಟರಲ್ಲಿ ಬಿಸಿ ಸ್ವಲ್ಪ ಕಡಿಮೆ ಆಗುತ್ತದೆ, ಅದಕ್ಕೆ ಸರಿಯಾಗಿ ಸೆಟ್ಟಿಂಗನ್ನು ನಿಧಾನವಾಗಿ ಏರಿಸಿ, ಒಳಗಿನ ನೆಲವನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ನೋಡುತ್ತಾ. ಪ್ರತಿ ಟಬ್ಬನ್ನೂ ನೋಡಬೇಕು, ಯಾಕೆಂದರೆ ಬಿಸಿ ಗಾಳಿ ಮೇಲೇರುವುದರಿಂದ ಮೇಲಿನ ಸಾಲು ಕೆಳಗಿನದಕ್ಕಿಂತ ಬೆಚ್ಚಗಿರುತ್ತದೆ. ಮರಿಗಳನ್ನು ಯಾವ ಸಾಲಿನಲ್ಲಿಡುವುದು ಅನ್ನುವುದೂ ಆಗಲೇ ತೀರ್ಮಾನವಾಗುತ್ತದೆ.

ಗಾಳಿಗೆ ತೂತು ಬೇಕು. ಎರಡೂ ಎದುರು ಬದಿಗಳಲ್ಲಿ ಇರಲಿ, ಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯಬೇಕು. ಸಾಲ್ಡರಿಂಗ್ ಐರನ್‌ನಿಂದ ಕರಗಿಸಿ ಮಾಡಬಹುದು, ಕಿಟಕಿ ತೆರೆದಿಟ್ಟು, ಆ ಹೊಗೆ ಒಳ್ಳೆಯದಲ್ಲ. ಒಳಬದಿಯಲ್ಲಿ ಚೂಪಾದ ಅಂಚು ಉಳಿಯದಂತೆ ಉಜ್ಜಿ. ತೂತು ಸಣ್ಣದಿರಲಿ, ಇಲ್ಲದಿದ್ದರೆ ಮೇವಿಗೆ ಬಿಟ್ಟ ಹುಳುಗಳೆಲ್ಲ ನಿಮ್ಮ ಮಂಚದ ಕೆಳಗೆ ಸೇರುತ್ತವೆ. ಒಳಗಿನ ತೇವ ಶೇ. 30ರಿಂದ 40ರ ಆಸುಪಾಸಿನಲ್ಲಿದ್ದರೆ ಸಾಕು. ಗೋಡೆಯ ಮೇಲೆ ಹನಿ ಕಟ್ಟುತ್ತಿದೆ ಅಂದರೆ ತೂತು ಸಾಲದು ಅಂತಲೇ ಅರ್ಥ.

ಮುಚ್ಚಳದ ಕ್ಲಿಪ್ ಬಿಗಿಯಾಗಿರಬೇಕು. ಗೋಡೆ ಹತ್ತದಿದ್ದರೂ ಗೂಡಿನ ಮೇಲೆ ಹತ್ತಿ ಅಲ್ಲಿಂದ ಅಂಚು ಹಿಡಿದು ಹೊರಗೆ ಬೀಳುವ ಗೆಕ್ಕೊ ಎಷ್ಟೋ ಇವೆ. ಮುಚ್ಚಳವಿಲ್ಲದೆ ಹಲಗೆಯೇ ಮುಚ್ಚಳವಾಗುವ ರ್‍ಯಾಕ್ ಆದರೆ ನಡುವಿನ ಸಂದಿಯಲ್ಲಿ ಮರಿಯ ತಲೆ ತೂರದ ಹಾಗೆ ನೋಡಿ. ತಲೆ ತೂರಿದರೆ ಮೈಯೂ ತೂರುತ್ತದೆ. ಇನ್ನೊಂದು, ಪಕ್ಕಪಕ್ಕದ ಪಾರದರ್ಶಕ ಟಬ್‌ಗಳಲ್ಲಿ ಗಂಡುಗಳು ಒಂದನ್ನೊಂದು ನೋಡಿಯೇ ಬಾಲ ಅಲ್ಲಾಡಿಸುತ್ತಾ ನೆಮ್ಮದಿ ಕೆಡಿಸಿಕೊಳ್ಳುತ್ತವೆ. ನಡುವೆ ರಟ್ಟು ಅಂಟಿಸಿ. ಹಾಗಂತ ಎಲ್ಲ ಬದಿ ಮುಚ್ಚಬೇಡಿ, ಹಗಲು ರಾತ್ರಿ ಯಾವುದು ಅಂತ ಅವಕ್ಕೂ ಗೊತ್ತಾಗಬೇಕು ಅಲ್ವಾ.

ಒಳಗೆ ಏನೇನು? ಜಾಸ್ತಿ ಬೇಡ. ಮೂರು ಗೂಡು: ಒಂದು ಬಿಸಿ ಬದಿಗೆ, ಒಂದು ತಣ್ಣಗಿನ ಬದಿಗೆ, ಮತ್ತೊಂದರೊಳಗೆ ಒದ್ದೆ ಟಿಶ್ಯೂ ಅಥವಾ ಪಾಚಿ, ಪೊರೆ ಬಿಡುವಾಗ ಇದಿಲ್ಲದಿದ್ದರೆ ಬೆರಳುಗಳಿಗೆ ಪೊರೆ ಅಂಟಿ ಬೆರಳೇ ಹೋಗಬಹುದು. ಸಣ್ಣ ನೀರಿನ ಬಟ್ಟಲು. ನೆಲಕ್ಕೆ ಪೇಪರ್ ಟವೆಲ್. ಎಲ್ಲ ಹಗುರವಾದ ಪ್ಲಾಸ್ಟಿಕ್ಕಿನದ್ದೇ ಇರಲಿ. ಸಾಗಿಸುವಾಗ ಜಾರಿದ ಕಲ್ಲು ಗೆಕ್ಕೊ ಮೇಲೆ ಬಿದ್ದರೆ ಆಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಹೊಸದಾಗಿ ತಂದ ಗೆಕ್ಕೊವನ್ನು ನೇರವಾಗಿ ಈ ಸಾಲಿಗೆ ಸೇರಿಸಬೇಡಿ. ಬೇರೆ ಕೋಣೆ, ಬೇರೆ ಚಿಮಟ, ಬೇರೆ ಬಟ್ಟಲು, ಎರಡು ಮೂರು ತಿಂಗಳು. ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಪರಾವಲಂಬಿ ಇದೆ, ಮಲದಿಂದ ಹರಡುತ್ತದೆ, ಬಾಲ ಕಡ್ಡಿಯಾಗುವಷ್ಟು ಸೊರಗಿಸುತ್ತದೆ, ಮಾಮೂಲಿ ಕ್ರಿಮಿನಾಶಕಕ್ಕೆ ಜಗ್ಗುವುದಿಲ್ಲ. ಒತ್ತೊತ್ತಾಗಿ ಜೋಡಿಸಿದ ಸಾಲಿನಲ್ಲಿ ಒಂದಕ್ಕೆ ಬಂದರೆ ನಮ್ಮ ಕೈಯಿಂದಲೇ ಉಳಿದವಕ್ಕೂ ಹೋಗುತ್ತದೆ. ದಿನಾ ಕೆಲಸ ಮಾಡುವಾಗ ಹಳೆಯವನ್ನು ಮೊದಲು ನೋಡಿ, ಹೊಸದನ್ನು ಕೊನೆಗೆ. ರೋಗ ಬಂದ ಟಬ್ಬನ್ನು ತೊಳೆದು ಉಳಿಸಿಕೊಳ್ಳುವ ಆಸೆ ಬೇಡ, ಎಸೆದುಬಿಡಿ. ಅಗ್ಗದ ಟಬ್ ತಂದದ್ದರ ಲಾಭ ಆಗ ಗೊತ್ತಾಗುತ್ತದೆ.

ಇನ್ನು ಪ್ರಯಾಣ. ಹಗುರ ಮನೆ ಅಂದ ಮಾತ್ರಕ್ಕೆ ಗೆಕ್ಕೊ ಅದರೊಳಗೇ ಕುಳಿತು ಪ್ರಯಾಣ ಮಾಡಬೇಕು ಅಂತೇನಿಲ್ಲ. ದೊಡ್ಡ ಟಬ್ಬಿನಲ್ಲಿ ಅದು ಪ್ರತಿ ತಿರುವಿನಲ್ಲೂ ಉರುಳುತ್ತದೆ, ಗಾಬರಿಗೆ ಬಾಲ ಕಳಚುವುದೂ ಉಂಟು. ಪ್ರತಿಯೊಂದಕ್ಕೂ ತೂತಿರುವ ಚಿಕ್ಕ ಡಬ್ಬ, ಮೈ ತಿರುಗಿಸುವಷ್ಟು ಜಾಗ, ಒಳಗೆ ಮಡಿಸಿದ ಟಿಶ್ಯೂ, ನೀರಿನ ಬಟ್ಟಲು ಬೇಡ. ಆ ಡಬ್ಬಗಳನ್ನೆಲ್ಲ ಒಂದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಜೋಡಿಸಿ, ಪೆಟ್ಟಿಗೆಗೂ ಗಾಳಿಗೆ ದಾರಿ ಇರಲಿ. ಕತ್ತಲಾದಷ್ಟೂ ಅವು ಶಾಂತವಾಗಿರುತ್ತವೆ. ಒಂದೆರಡು ದಿನ ಮೊದಲೇ ಊಟ ನಿಲ್ಲಿಸಿ, ಹೊಟ್ಟೆ ತುಂಬಿದ್ದರೆ ಕುಲುಕಾಟಕ್ಕೆ ಕಕ್ಕುತ್ತವೆ. ಪೆಟ್ಟಿಗೆ ಕಾರಿನ ಒಳಗೇ, ನೀವು ಕೂರುವ ಕಡೆಯೇ ಇರಲಿ, ಡಿಕ್ಕಿಯಲ್ಲಿ ಬೇಡ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷಕ್ಕೂ ಬಿಟ್ಟು ಹೋಗಬೇಡಿ.

ಹೊಸ ಜಾಗಕ್ಕೆ ಹೋದ ಕೂಡಲೇ ಮೊದಲು ರ್‍ಯಾಕ್ ನಿಲ್ಲಿಸಿ, ಥರ್ಮೋಸ್ಟಾಟ್ ಹಾಕಿ, ಬಿಸಿ ಒಂದು ಹದಕ್ಕೆ ಬಂದು ಸ್ಥಿರವಾದ ಮೇಲೆ ಒಂದೊಂದಾಗಿ ಗೆಕ್ಕೊ ಬಿಡಿ. ಸಾಧ್ಯವಿದ್ದರೆ ನೀವೇ ಒಂದು ದಿನ ಮುಂಚೆ ಹೋಗಿ ಇಷ್ಟನ್ನು ಮಾಡಿಟ್ಟು ಬನ್ನಿ. ಪ್ರತಿ ಟಬ್ಬಿನ ಮೇಲೆ ಟೇಪ್ ಅಂಟಿಸಿ ಹೆಸರು, ಹೊರಡುವ ಮೊದಲಿನ ತೂಕ, ಕೊನೆಯ ಊಟದ ದಿನ ಬರೆದಿಡಿ. ಬಂದ ಮೇಲೆ ವಾರ ಪೂರ್ತಿ ತಿನ್ನದೆ ಕೂರುವ ದೊಡ್ಡ ಗೆಕ್ಕೊ ಮಾಮೂಲಿ, ಅದರ ಬಾಲದಲ್ಲಿ ಕೊಬ್ಬಿನ ದಾಸ್ತಾನು ಇರುತ್ತದೆ. ಮರಿಗಳಿಗೆ ಅಷ್ಟು ದಾಸ್ತಾನು ಇರುವುದಿಲ್ಲ, ಅವುಗಳ ಮೇಲೆ ಕಣ್ಣಿಡಿ. ತೂಕ ಇಳಿಯುತ್ತಲೇ ಇದೆ ಅಂದರೆ ಮೊದಲು ಬೆಚ್ಚಗಿನ ಗೂಡಿನ ನೆಲದ ಬಿಸಿ ಅಳೆಯಿರಿ. ಅದು ಸರಿ ಇದ್ದೂ ತಿನ್ನುತ್ತಿಲ್ಲ ಅಂದರೆ ಸರೀಸೃಪಗಳನ್ನು ನೋಡಿ ಗೊತ್ತಿರುವ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅದೇ ಪ್ರಯಾಣದ ಡಬ್ಬದಲ್ಲಿ, ಹೊಸದಾಗಿ ಹಾಕಿದ ಮಲವನ್ನೂ ಒಂದು ಪುಟ್ಟ ಡಬ್ಬಿಯಲ್ಲಿ ತೆಗೆದುಕೊಂಡು.