ಖಾಲಿ ಸೆಲ್‌ಗಳನ್ನ ನೋಡಿ: ಗೇಮ್ ಆಫ್ ಲೈಫ್‌ನಲ್ಲಿ ಅಲ್ಲಾಡದ ಆಕಾರಗಳನ್ನ ನಾನು ಹುಡುಕಿದ ರೀತಿ

ಗೇಮ್ ಆಫ್ ಲೈಫ್ ಅಂದ್ರೆ ಚೌಕಗಳ (ಸೆಲ್) ಜಾಲದ ಒಂದು ಆಟ, ಪ್ರತಿ ಸೆಲ್ ಬದುಕಿರತ್ತೆ ಇಲ್ಲಾ ಖಾಲಿ ಇರತ್ತೆ, ಒಂದೇ ರೂಲಿನ ಪ್ರಕಾರ ಹೆಜ್ಜೆ ಹೆಜ್ಜೆಗೂ ಎಲ್ಲಾ ಒಟ್ಟಿಗೆ ಬದಲಾಗತ್ತೆ. ಇದು ಕೈಗೆ ಸಿಕ್ಕವರು ಹೆಚ್ಚಾಗಿ ಗ್ಲೈಡರ್ ಅನ್ನೋ ಓಡಾಡೋ ಆಕಾರ, ಅದನ್ನ ಹುಟ್ಟಿಸ್ತಾ ಇರೋ ಗನ್, ಇಂಥವುಗಳ ಹಿಂದೆ ಬೀಳ್ತಾರೆ, ನನಗೆ ಹಿಡಿಸಿದ್ದು ಮಾತ್ರ ಕೂತಲ್ಲೇ ಕೂತಿರೋವು, ಸ್ಟಿಲ್ ಲೈಫ್ ಅಂತಾರಲ್ಲ ಅವು. ರೂಲು ಗಣಿತಜ್ಞ ಜಾನ್ ಕಾನ್ವೇದು, 1970ರಲ್ಲಿ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಕಾಲಂನಲ್ಲಿ ಬರೆದ ಮೇಲೆ ಎಲ್ಲಾ ಕಡೆ ಹಬ್ಬಿತು: ಬದುಕಿರೋ ಸೆಲ್‌ನ ಸುತ್ತ ಎಂಟರಲ್ಲಿ 2 ಅಥವಾ 3 ಬದುಕಿದ್ರೆ ಅದು ಉಳಿಯತ್ತೆ, ಖಾಲಿ ಸೆಲ್‌ನ ಸುತ್ತ ಸರಿಯಾಗಿ 3 ಇದ್ರೆ ಅಲ್ಲಿ ಹೊಸದು ಹುಟ್ಟತ್ತೆ. ಆರ್-ಪೆಂಟೋಮಿನೋ ಅನ್ನೋ ಬರೀ 5 ಸೆಲ್‌ನ ಆಕಾರ 1103 ತಲೆಮಾರು (ಅಂದ್ರೆ ಹೆಜ್ಜೆ) ಕುಣಿದಾಡಿ ಕೊನೆಗೆ ತಣ್ಣಗಾದಾಗ ಉಳಿಯೋದು 116 ಸೆಲ್, ಅದರಲ್ಲಿ ಅಲ್ಲಾಡದ ಆಕಾರಗಳು ಅಂದ್ರೆ 8 ಬ್ಲಾಕ್ (2×2 ಚೌಕ), 4 ಬೀಹೈವ್ (ಜೇನುಗೂಡಿನ ಥರ 6 ಸೆಲ್‌ನ ಉಂಗುರ), ಒಂದೊಂದು ಬೋಟ್, ಲೋಫ್, ಶಿಪ್. ಮತ್ತೆ ಮತ್ತೆ ಇವೇ ಯಾಕೆ ಬರ್ತವೆ ಅಂತ ನೋಡೋಕೆ ಹೋಗಿ, ಇಂಥವು ಒಟ್ಟು ಎಷ್ಟಿವೆ ಅಂತ ಪೈಥಾನ್‌ನಲ್ಲಿ ಹುಡುಕೋಕೆ ಕೂತೆ.

ಇದರಲ್ಲಿ ನಿಜವಾದ ಕೆಲಸ ಬದುಕಿರೋ ಸೆಲ್‌ಗಳದ್ದಲ್ಲ, ಖಾಲಿ ಸೆಲ್‌ಗಳದ್ದು. ಎಲ್ ಆಕಾರದಲ್ಲಿ ಮೂರು ಸೆಲ್ ಇಡಿ, ಮೂರಕ್ಕೂ ಎರಡೆರಡು ನೆರೆ (ಸುತ್ತ ಬದುಕಿರೋ ಸೆಲ್) ಇದೆ, ಯಾವುದೂ ಸಾಯಲ್ಲ, ಆದ್ರೆ ಆ ಖಾಲಿ ಮೂಲೆಗೆ ಸರಿಯಾಗಿ 3 ನೆರೆ ಇರೋದ್ರಿಂದ ಮುಂದಿನ ಹೆಜ್ಜೆಗೇ ಅಲ್ಲಿ ಒಂದು ಹುಟ್ಟಿ ಬ್ಲಾಕ್ ಆಗಿಬಿಡತ್ತೆ. ಬ್ಲಾಕ್ ನಿಲ್ಲತ್ತೆ, ಯಾಕಂದ್ರೆ ಹೊರಗಿನ ಯಾವ ಖಾಲಿ ಸೆಲ್‌ಗೂ 2ಕ್ಕಿಂತ ಹೆಚ್ಚು ನೆರೆ ಇಲ್ಲ. ಬೀಹೈವ್ ಇನ್ನೂ ಚೆಂದ, ಒಳಗಿನ ಎರಡು ಖಾಲಿ ಸೆಲ್‌ಗೆ ಐದೈದು ನೆರೆ, ಆ ಗದ್ದಲದಿಂದಲೇ ಅಲ್ಲಿ ಏನೂ ಹುಟ್ಟಲ್ಲ.

ಹುಡುಕೋ ವಿಧಾನ ಬ್ಯಾಕ್‌ಟ್ರ್ಯಾಕಿಂಗ್. ಒಂದು ಚಿಕ್ಕ ಪೆಟ್ಟಿಗೆ ತಗೊಂಡು ಮೇಲಿಂದ ಸಾಲು ಸಾಲಾಗಿ 0 ಇಲ್ಲಾ 1 ತುಂಬ್ತಾ ಹೋಗೋದು, ಯಾವುದಾದ್ರೂ ಸೆಲ್‌ನ ಸುತ್ತಲಿನ ಎಂಟೂ ಜಾಗ ತುಂಬಿದ ತಕ್ಷಣ ರೂಲು ಸರಿ ಇದೆಯಾ ನೋಡೋದು, ಇಲ್ಲ ಅಂದ್ರೆ ಆ ದಾರಿ ಅಲ್ಲಿಗೇ ಬಿಟ್ಟು ವಾಪಸ್. ಪೆಟ್ಟಿಗೆಯ ಹೊರಗಿನ ಖಾಲಿ ಸಾಲನ್ನೂ ಚೆಕ್ ಮಾಡಲೇಬೇಕು, ಅಂಚಿನಲ್ಲಿ ಸತತ ಮೂರು ಸೆಲ್ ಬಂದ್ರೆ ಹೊರಗಡೆ ಒಂದು ಹುಟ್ಕೊಳತ್ತೆ. ಇದೊಂದು ಶರತ್ತು ಹಾಕಿದ್ರೇ ಹುಡುಕಾಟ ಎಷ್ಟೋ ಕಮ್ಮಿ ಆಗತ್ತೆ. ಸಿಕ್ಕಿದ್ದನ್ನ ತಿರುಗಿಸಿ, ಮಗುಚಿ ಎಂಟೂ ರೂಪ ಸ್ಟ್ರಿಂಗ್ (0, 1ಗಳ ಸಾಲು) ಮಾಡಿ, ಅದರಲ್ಲಿ ಕ್ರಮದಲ್ಲಿ ಮೊದಲು ಬರೋದನ್ನ ಮಾತ್ರ ಇಟ್ಕೊಂಡ್ರೆ ಒಂದೇ ಆಕಾರ ಎರಡು ಸಲ ಬರಲ್ಲ.

8 ಸೆಲ್‌ಗೆ ಬಂದಾಗ ಒಂದು ವಿಷಯ ಗಮನಿಸಬೇಕು. ಎರಡು ಬ್ಲಾಕ್‌ನ ಮಧ್ಯೆ ಒಂದು ಕಾಲಂ ಖಾಲಿ ಬಿಟ್ಟು ಎದುರುಬದುರು ಇಡಿ, ಮಧ್ಯದ ಸೆಲ್‌ಗಳಿಗೆ ನಾಲ್ಕು ನಾಲ್ಕು ನೆರೆ, ಆರಾಮಾಗಿ ನಿಲ್ಲತ್ತೆ. ಒಂದನ್ನ ಒಂದೇ ಸಾಲು ಕೆಳಗೆ ಜಾರಿಸಿ, ಮಧ್ಯದಲ್ಲಿ 2+1 ಅಂತ ಸರಿಯಾಗಿ 3 ಆಗಿ ಎಲ್ಲಾ ಕೆಡತ್ತೆ. ಎದುರುಬದುರು ಇರೋ ಜೋಡಿ ನಿಲ್ಲೋದೇನೋ ನಿಜ, ಆದ್ರೆ ಒಂದು ಬ್ಲಾಕ್ ತೆಗೆದ್ರೂ ಇನ್ನೊಂದು ಹಾಗೇ ಇರತ್ತಲ್ಲ, ಅದಕ್ಕೇ ಇದನ್ನ ಬೇರೆ ಲೆಕ್ಕದಲ್ಲಿ ಇಡ್ತಾರೆ. ಹಾಗೆ ಬೇರ್ಪಡಿಸಿ ಎಣಿಸಿದ್ರೆ 4 ಸೆಲ್‌ನವು 2, ಆಮೇಲೆ 5ಕ್ಕೆ 1, 6ಕ್ಕೆ 5, 7ಕ್ಕೆ 4, 8ಕ್ಕೆ 9, 9ಕ್ಕೆ 10, 10ಕ್ಕೆ 25. ಗೊತ್ತಿರೋ ಪಟ್ಟಿಗೆ ಸರಿಯಾಗಿ ಹೊಂದ್ತು, ಆ ಖುಷಿ ಹೇಳೋಕಾಗಲ್ಲ. 14 ಸೆಲ್‌ಗೆ 619 ಇವೆ, ಅಷ್ಟು ದೂರ ಹೋಗೋದಾದ್ರೆ ಸಿ ಭಾಷೆಯಲ್ಲಿ ಬರೆಯೋದು ವಾಸಿ.

ಈ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ 7 ಸೆಲ್‌ನ ಈಟರ್, ಒಂದು ತುದಿ ಗಾಳದ ಥರ ಬಾಗಿರತ್ತೆ. ಸರಿಯಾದ ಕೋನದಲ್ಲಿ ಗ್ಲೈಡರ್ ಬಂದು ಬಡಿದ್ರೆ ಅದನ್ನ ಪೂರ್ತಿ ನುಂಗಿ 4 ತಲೆಮಾರಿನಲ್ಲಿ ಮತ್ತೆ ಮೊದಲಿನ ಹಾಗೇ ಕೂತಿರತ್ತೆ. ನಿಂತಿರೋದು ಬೇರೆ, ಪೆಟ್ಟು ತಿಂದೂ ಮತ್ತೆ ನಿಲ್ಲೋದು ಬೇರೆ, ಎರಡನೇದನ್ನ ನನ್ನ ಪ್ರೋಗ್ರಾಂ ಪರೀಕ್ಷೆ ಮಾಡಲ್ಲ. ಈಗ ಅದನ್ನೇ ಸೇರಿಸ್ತಿದೀನಿ: ಸಿಕ್ಕ ಪ್ರತಿ ಆಕಾರಕ್ಕೂ ಬೇರೆ ಬೇರೆ ದಿಕ್ಕಿಂದ ಗ್ಲೈಡರ್ ಬಿಟ್ಟು ಯಾವುದು ತಡ್ಕೊಳತ್ತೆ ಅಂತ ನೋಡೋದು.