ಹತ್ತನೇ ಪಿನ್ನಿಗೆ ಮೀಸಲಿಟ್ಟ ಗೇಮ್

ಚೆಂಡು ಉರುಳಿಸಿ ಹತ್ತು ಪಿನ್ನುಗಳನ್ನು ಬೀಳಿಸುವ ಟೆನ್‌ಪಿನ್ ಬೌಲಿಂಗ್‌ನಲ್ಲಿ ನಾನು ಗುರುವಿನ ಸ್ಥಾನದಲ್ಲಿಟ್ಟಿರುವುದು ಫಿಲಿಪ್ಪೀನ್ಸ್‌ನ ಪೇಂಗ್ ನೆಪೊಮುಸೆನೊ ಅವರನ್ನು. 1976ರಲ್ಲಿ ಟೆಹರಾನ್‌ನಲ್ಲಿ ಮೊದಲ ವಿಶ್ವಕಪ್ ಗೆದ್ದಾಗ ಅವರಿಗೆ ಬರೀ 19 ವರ್ಷ. ಆಮೇಲೆ 1980ರಲ್ಲಿ ಜಕಾರ್ತ, 1992ರಲ್ಲಿ ಫ್ರಾನ್ಸಿನ ಲೆ ಮಾನ್, 1996ರಲ್ಲಿ ಬೆಲ್‌ಫಾಸ್ಟ್. ಈ 20 ವರ್ಷಗಳಲ್ಲಿ ಚೆಂಡುಗಳೇ ಬದಲಾಗಿದ್ದವು. ಪ್ಲಾಸ್ಟಿಕ್ಕಿನ ಕಾಲ ಹೋಗಿ ಯುರೇಥೇನ್ ಬಂತು, 90ರ ದಶಕದ ಆರಂಭಕ್ಕೆ ರಿಯಾಕ್ಟಿವ್ ರೆಸಿನ್ ಬಂತು, ಚೆಂಡು ತಿರುಗುವ ರೀತಿಯೇ ಬೇರೆಯಾಯಿತು. ಇಷ್ಟಾದರೂ ಒಬ್ಬ ಆಟಗಾರ ಗೆಲ್ಲುತ್ತಲೇ ಇರಬೇಕಾದರೆ ಅವನಲ್ಲಿ ಏನು ಗಟ್ಟಿಯಾಗಿರಬೇಕು? ನನ್ನ ಅಭ್ಯಾಸ ರೂಪುಗೊಂಡದ್ದು ಈ ಪ್ರಶ್ನೆಯಿಂದ. ನನಗೆ ಹೊಳೆದ ಉತ್ತರ ಎರಡು: ಸ್ಪೇರ್, ಅಂದರೆ ಮೊದಲ ಚೆಂಡಿಗೆ ಉಳಿದ ಪಿನ್ನುಗಳನ್ನು ಎರಡನೆಯದಕ್ಕೆ ಬೀಳಿಸುವುದು, ಮತ್ತು ಚೆಂಡು ಉರುಳುವ ಲೇನಿಗೆ ಹಚ್ಚುವ ಎಣ್ಣೆ.

ಲೆಕ್ಕ ನೋಡಿ. ಒಂದು ಗೇಮ್ ಅಂದರೆ 10 ಫ್ರೇಮ್, ಅಂದರೆ 10 ಸರದಿ. ಸ್ಪೇರ್ ಆದರೆ 10 ಅಂಕದ ಜೊತೆಗೆ ಮುಂದಿನ ಚೆಂಡಿಗೆ ಬಿದ್ದ ಪಿನ್ನುಗಳೂ ಸೇರುತ್ತವೆ. ಒಂದೂ ಸ್ಟ್ರೈಕ್ (ಮೊದಲ ಚೆಂಡಿಗೇ ಹತ್ತೂ ಪಿನ್) ಇಲ್ಲದೆ, ಪ್ರತಿ ಫ್ರೇಮ್‌ನಲ್ಲೂ ಮೊದಲ ಚೆಂಡಿಗೆ 9 ಪಿನ್ ಬೀಳಿಸಿ, ಉಳಿದದ್ದನ್ನು ಎರಡನೆಯದಕ್ಕೆ ಉರುಳಿಸಿ, ಕೊನೆಯ ಹೆಚ್ಚುವರಿ ಚೆಂಡಿಗೂ 9 ತೆಗೆದರೆ 190 ಅಂಕ. ಆ ಒಂಟಿ ಪಿನ್ ಪ್ರತಿ ಸಲವೂ ಉಳಿದುಹೋದರೆ ಬರೀ 90.

ನಮ್ಮಂಥ ಬಲಗೈಯವರನ್ನು ಹೆಚ್ಚು ಕಾಡುವುದು ಬಲಮೂಲೆಯ 10ನೇ ಪಿನ್, ಪಕ್ಕದಲ್ಲೇ ಗಟರ್, ಅಂದರೆ ಲೇನಿನ ಅಂಚಿನ ಕಾಲುವೆ. ನಾನು ಎಡತುದಿಗೆ ಸರಿದು ನಿಂತು, ಚೆಂಡನ್ನು ಲೇನಿನ ಮೇಲೆ ಓರೆಯಾಗಿ ಹಾಯಿಸುತ್ತೇನೆ. ಇದಕ್ಕೆ ಪ್ಲಾಸ್ಟಿಕ್ ಚೆಂಡೇ ಸರಿ, ಲೇನನ್ನು ಹೆಚ್ಚು ಕಚ್ಚದೆ ನೇರ ಹೋಗುತ್ತದೆ. ಬಿಡುವಾಗ ಅಂಗೈ ಚೆಂಡಿನ ಹಿಂದೆಯೇ ಇರಬೇಕು, ಮಣಿಕಟ್ಟು ತಿರುಗಬಾರದು. ಪಿನ್ನುಗಳು 60 ಅಡಿ ದೂರದಲ್ಲಿದ್ದರೂ ನನ್ನ ಕಣ್ಣು ನೆಡುವುದು ಸುಮಾರು 15 ಅಡಿ ಮುಂದಿರುವ ಬಾಣದ ಗುರುತುಗಳಲ್ಲಿ. ಅಭ್ಯಾಸಕ್ಕೆ ಹೋದಾಗ ಮೊದಲ ಗೇಮ್ ಪೂರ್ತಿ ಈ ಒಂದು ಪಿನ್ನಿಗೇ ಮೀಸಲು.

ಇನ್ನು ಎಣ್ಣೆ. ಲೇನಿನ ಮೊದಲ 40 ಅಡಿಯಷ್ಟು ಜಾಗಕ್ಕೆ ಎಣ್ಣೆ ಹಚ್ಚಿರುತ್ತಾರೆ, ನಿಂತಲ್ಲಿಂದ ನೋಡಿದರೆ ಏನೂ ತಿಳಿಯದು. ಆದರೆ ವಾಪಸ್ ಬಂದ ಚೆಂಡನ್ನು ಬೆಳಕಿಗೆ ಹಿಡಿದರೆ ಮೈಮೇಲೆ ಬಳೆಗಳ ಹಾಗೆ ಎಣ್ಣೆಯ ಗೆರೆಗಳಿರುತ್ತವೆ. ಟವೆಲಿನಲ್ಲಿ ಒರೆಸುವ ಮುಂಚೆ ಅವನ್ನು ನೋಡಿಕೊಳ್ಳುತ್ತೇನೆ. ಗೆರೆ ತೆಳುವಾಗುತ್ತಾ ಬಂತೆಂದರೆ ನಾವು ಉರುಳಿಸುವ ದಾರಿಯಲ್ಲಿ ಎಣ್ಣೆ ಕಮ್ಮಿಯಾಗುತ್ತಿದೆ, ಚೆಂಡು ಬೇಗನೆ ಎಡಕ್ಕೆ ಹೊರಳುತ್ತದೆ. ಲೇನಿನ ಅಗಲಕ್ಕೆ 39 ಪಟ್ಟಿಗಳಿವೆ. ಆಗ ನಿಲ್ಲುವ ಜಾಗವನ್ನು 2 ಪಟ್ಟಿ, ಗುರಿಯನ್ನು 1 ಪಟ್ಟಿ ಎಡಕ್ಕೆ ಸರಿಸುತ್ತೇನೆ. ಮೋಜಿಗೆ ಆಡುವ ಲೇನುಗಳಲ್ಲಿ ಎಣ್ಣೆ ನಡುವೆ ದಟ್ಟ, ಅಂಚಿನಲ್ಲಿ ತೆಳು, ಹಾಗಾಗಿ ದಾರಿ ತಪ್ಪಿದ ಚೆಂಡೂ ಪಾಕೆಟ್‌ಗೆ, ಅಂದರೆ ಮುಂದಿನ ಪಿನ್ನಿನ ಪಕ್ಕದ ಸಂದಿಗೆ, ಮರಳುತ್ತದೆ. ದೊಡ್ಡ ಟೂರ್ನಿಗಳಲ್ಲಿ ಎಣ್ಣೆ ಹೆಚ್ಚು ಸಮವಾಗಿರುವುದರಿಂದ ಆ ರಿಯಾಯಿತಿ ಸಿಗುವುದಿಲ್ಲ.

ಹೆಬ್ಬೆರಳಿನ ಕಡೆಗೂ ಗಮನ ಬೇಕು. ಎಸಿ ತಂಪಿಗೆ ಅದು ಸಣ್ಣಗಾಗುತ್ತದೆ, ಆಡುತ್ತಾ ಊದಿಕೊಳ್ಳುತ್ತದೆ. ತೂತಿನೊಳಗೆ ಟೇಪಿನ ತುಂಡು ಅಂಟಿಸಿ, ಬಿಗಿಯಾದಂತೆಲ್ಲ ಒಂದೊಂದೇ ಕಿತ್ತು ತೆಗೆಯುತ್ತೇನೆ.

ಈ ಆಟ ನಮ್ಮೂರಿನದಲ್ಲ ಎನ್ನುವವರಿಗೆ ಹೇಳಬೇಕು: ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದ ಶೇಖ್ ಅಬ್ದುಲ್ ಹಮೀದ್ ನಮ್ಮ ಕರ್ನಾಟಕದವರೇ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನಕ್ಕೆಂದು ಬಂದ ಆಟಕ್ಕೆ ಇನ್ನೂ ಅಲ್ಲಿ ಪದಕದ ಸ್ಥಾನ ಸಿಕ್ಕಿಲ್ಲವಲ್ಲ ಎಂಬ ಸಂಕಟ ನನಗಿದೆ.

ಸ್ವಂತ ಚೆಂಡು ಕೊಳ್ಳಲು ಹೊರಟ ಮಕ್ಕಳು ಕೇಳಿದರೆ ಒಂದೇ ಮಾತು ಹೇಳುತ್ತೇನೆ. ಮೊದಲು ಪ್ಲಾಸ್ಟಿಕ್ಕಿನದು ತಗೊಳ್ಳಿ, ನಿಮ್ಮ ಬೆರಳಿನ ಅಳತೆಗೇ ತೂತು ಕೊರೆಸಿ. ಥಳಥಳಿಸುವ ರಿಯಾಕ್ಟಿವ್ ಚೆಂಡು ಆಮೇಲೆ ಬರಲಿ, 10ನೇ ಪಿನ್ ನಿಮ್ಮ ಮಾತು ಕೇಳುವಂತಾದ ಮೇಲೆ.